ಅಳಿಸಿಹೋದ ಕಂಪನ

“ಕಿಟಕಿಗೆ ಒತ್ತಿ ಹಿಡೀರಿ ಅಂದೆ. ಎರಡು ಹಾಳೇನೂ, ಒಂದರ ಮೇಲೊಂದು!”

ಡಾಕ್ಟರ್ ರಾದಿಮ್ ಪೆಶೆಕ್ ಕುರ್ಚಿ ಬಿಟ್ಟು ಏಳಲಿಲ್ಲ. ಲೋಟದ ತಳದಲ್ಲಿದ್ದ ಕಾಫಿ ಚರಟವನ್ನು ಚಮಚದಿಂದ ಕೆದಕುತ್ತ, ಬಾಗಿಲಿಗೆ ಬಂದ ವಿಮಾ ಏಜೆಂಟನನ್ನು ನೋಡುವ ಹಾಗೆ ಬ್ಲಾಂಕಾಳನ್ನು ನೋಡಿದ.

“ಕ್ಯಾಪ್ಟನ್ ಮೇಡಂ, ಅದು ಸ್ಪೆಕ್ಟ್ರಂ. ಅದನ್ನ ಓದೋದು ಕಲಿಯೋಕೆ ನಮ್ಮ ಹುಡುಗರಿಗೇ ವರ್ಷಗಟ್ಟಲೆ ಬೇಕು. ಪೊಲೀಸ್ನೋರು ಕಿಟಕಿಗೆ ಹಿಡಿದು ನೋಡಿದ್ರೆ ಆಚೆ ಇರೋ ಟ್ರಾಮ್ ಕಾಣುತ್ತೆ, ಅಷ್ಟೆ.”

ಬ್ಲಾಂಕಾ ಹೊಲೂಬೋವಾಳ ಮೈಯೆಲ್ಲ ಉರಿದುಹೋಯಿತು. ಕಾಲು ನೆಲಕ್ಕೆ ಅಪ್ಪಳಿಸಬೇಕೆನಿಸಿತು. ಅಪ್ಪಳಿಸಿಯೂ ಬಿಟ್ಟಳು, ಆದರೆ ಸದ್ದೇ ಬರಲಿಲ್ಲ. ಈ ಸಂಸ್ಥೆಯ ಬಾಗಿಲಲ್ಲಿ ಬೂಟು ಬಿಚ್ಚಿಸಿ ಎಲ್ಲರ ಕಾಲಿಗೂ ಉಣ್ಣೆಯ ಚಪ್ಪಲಿ ತೊಡಿಸುತ್ತಾರೆ. ಅವಳ ಪಾಲಿಗೆ ಬಂದದ್ದು ಯಾವನೋ ದಡೂತಿ ಗಂಡಸಿನ ಜೋಡು. ಕೊಲೆಯ ತನಿಖೆಗೆ ಬಂದವಳು ಬೆಳಿಗ್ಗೆಯಿಂದ ಅಜ್ಜಿಯ ಹಾಗೆ ಕಾಲೆಳೆದುಕೊಂಡು ಓಡಾಡುತ್ತಿದ್ದಳು.

“ಟ್ರಾಮ್ ಕಾಣಲಿ ಬಿಡ್ರೀ. ನೀವು ಎದ್ದು ಹಿಡೀರಿ.”

ಅವಳ ದನಿಗೆ ಈ ಸಲ ಅವನು ಎದ್ದ.

ಎದುರಿನ ಅಳತೆ ಕೋಣೆಯಲ್ಲಿ ಪ್ರೊಫೆಸರ್ ವಿಲೇಮ್ ಹೋಮೊಲಾ ಹಿಂದಿನ ಗುರುವಾರ ಬೆಳಿಗ್ಗೆ ಹೆಣವಾಗಿ ಸಿಕ್ಕು ವಾರ ಕಳೆದಿತ್ತು. ಕೋಣೆ ತುಂಬ ನೈಟ್ರೋಜನ್ ತುಂಬಿಕೊಂಡು, ಉಸಿರಿಗೆ ಗಾಳಿಯಿಲ್ಲದೆ ಸತ್ತಿದ್ದರು. ಹಿಂದಿನ ದಿನ, ಬುಧವಾರ, ಅನಿಲದ ನಲ್ಲಿ ತೆರೆದಿಟ್ಟು ಬಾಗಿಲು ಹಾಕಿಕೊಂಡು ಹೋದವಳು ಅವರ ಶಿಷ್ಯೆ ಒಲೆಸ್ಯಾ ಹ್ರಿಂಕೊ ಅಂತ ಅವಳನ್ನು ಜೈಲಿಗೆ ಹಾಕಿದ್ದಾಗಿತ್ತು.

ಉಕ್ರೇನಿನಿಂದ ಓದಲು ಬಂದ ಹುಡುಗಿ. ಪ್ರಾಗ್ ಪಟ್ಟಣದಲ್ಲಿ ಅವಳ ಪರವಾಗಿ ಒಂದು ಮಾತಾಡುವ ನೆಂಟರಿಲ್ಲ. ಬ್ಲಾಂಕಾಳ ಮೇಲಧಿಕಾರಿ ಕರ್ನಲ್ ಬೂರಿಯಾನ್‌ಗೆ ಇದಕ್ಕಿಂತ ಅನುಕೂಲದ ಅಪರಾಧಿ ಎಲ್ಲಿ ಸಿಗಬೇಕು? “ಮಧ್ಯಾಹ್ನದೊಳಗೆ ಬೇರೆ ಏನಾದ್ರೂ ತಂದ್ರೆ ಸರಿ ಬ್ಲಾಂಕಾ. ಇಲ್ದಿದ್ರೆ ಕಡತ ಸರ್ಕಾರಿ ವಕೀಲರ ಮೇಜಿಗೆ ಹೋಗುತ್ತೆ,” ಎಂದು ಬೆಳಿಗ್ಗೆ ಅವನು ಆಕಳಿಸಿಕೊಂಡೇ ಹೇಳಿದ್ದ.

ಪೆಶೆಕ್ ಹಾಳೆಗಳನ್ನು ಗಾಜಿಗೆ ಒತ್ತಿ ಹಿಡಿದ. ಸೆಪ್ಟೆಂಬರಿನ ಬಿಳಿ ಬೆಳಕು ಅವುಗಳ ಮೂಲಕ ತೂರಿ ಬಂತು.

“ಕೆಳಗಿನ ಹಾಳೆ, ಒಲೆಸ್ಯಾ ಆ ಬುಧವಾರ ಅಳೆದಿದ್ದು. ಕೋಣೆಯ ಕಂಪ್ಯೂಟರಿಂದ ನಾವು ವಶ ಮಾಡ್ಕೊಂಡ ಫೈಲು. ಮೇಲಿಂದು ಅದೇ ಹರಳು. ಇವತ್ತು ಬೆಳಿಗ್ಗೆ ನನ್ನ ಕಣ್ಣೆದುರಿಗೇ ಇಂಜಿನಿಯರ್ ಯಾರ್ಮಿಲಾ ಅಳೆದು ಕೊಟ್ರು. ಹೇಳಿ, ಎರಡೂ ಒಂದೇನಾ?”

“ಒಂದೇ ಹರಳು ಅಂದ್ಮೇಲೆ ಒಂದೇ.”

“ಎಡಗಡೆ ಮೂಲೆ ನೋಡಿ.”

ಅವನು ನೋಡಿದ. ಚಮಚ ಇನ್ನೂ ಅವನ ಬೆರಳ ಸಂದಿಯಲ್ಲೇ ಇತ್ತು. ಅದು ಅಲುಗುವುದು ನಿಂತಿತು.

ಆ ಮೂಲೆ ಏನೆಂದು ಬ್ಲಾಂಕಾಳಿಗೆ ಬೆಳಿಗ್ಗೆಯಷ್ಟೇ ತಿಳಿದಿತ್ತು. ತಿಳಿಸಿದವರು ಯಾರ್ಮಿಲಾ ಶೂಲ್ಟ್ಸೋವಾ. ಪ್ರಯೋಗಾಲಯದ ಯಂತ್ರ, ಪಂಪು, ಅನಿಲದ ಸಿಲಿಂಡರುಗಳನ್ನೆಲ್ಲ ವರ್ಷಾನುಗಟ್ಟಲೆ ನೋಡಿಕೊಂಡು ಬಂದ ಹಿರಿಯ ಹೆಂಗಸು. ನೀಲಿ ಕೋಟು, ಕೊರಳಲ್ಲಿ ತೂಗುವ ಕನ್ನಡಕ, ಮಾತಿಗೊಂದು ಸಲ ‘ಮಗೂ’.

“ನಮ್ಮ ಜೇನು ಕೇಕು ಇದ್ಯಲ್ಲ ಮೇಡಂ, ಪದರದ ಮೇಲೆ ಪದರ, ಹಾಗಿರುತ್ತೆ ಈ ಹರಳು,” ಎಂದಿದ್ದರು ಅವರು. “ಒಂದು ಪದರ ಬಿಸ್ಮತ್, ಇನ್ನೊಂದು ಟ್ಯಾಂಟಲಂ. ಒಳಗಿರೋ ಪರಮಾಣುಗಳು ಸುಮ್ನೆ ಕೂತಿರಲ್ಲ, ತೂಗ್ತಾ ಇರ್ತವೆ. ನಾವು ಕಣ್ಣಿಗೆ ಕಾಣದ ಅವಕೆಂಪು ಬೆಳಕು ಬಿಡ್ತೀವಿ. ಯಾವ ತೂಗಾಟಕ್ಕೆ ಯಾವ ಬೆಳಕು ಹೊಂದುತ್ತೋ ಅಲ್ಲಿ ಹಾಳೆ ಮೇಲೆ ಒಂದು ಉಬ್ಬು ಏಳುತ್ತೆ. ಭಾರದ ಪದರ ನಿಧಾನಕ್ಕೆ ತೂಗುತ್ತೆ, ಅದರ ಉಬ್ಬು ಎಡಗಡೆ ತುದೀಲಿ.”

“ನೈಟ್ರೋಜನ್ ಯಾಕೆ ಬೇಕು?”

“ಗಾಳೀಲಿ ನೀರಾವಿ ಇರುತ್ತಲ್ಲ ಮೇಡಂ. ಆ ನೀರು ಈ ಬೆಳಕನ್ನ ಕಂಡಕಂಡಲ್ಲಿ ನುಂಗಿಬಿಡುತ್ತೆ. ಹಾಳೆ ತುಂಬ ಮುಳ್ಳು ಎದ್ದಿರುತ್ತೆ, ಹರಳಿನ ಉಬ್ಬು ಯಾವ್ದು ಮುಳ್ಳು ಯಾವ್ದು ತಿಳಿಯಲ್ಲ. ಅದಕ್ಕೇ ಒಣ ನೈಟ್ರೋಜನ್ ಬಿಟ್ಟು ಯಂತ್ರದಿಂದ ಗಾಳೀನ ಓಡಿಸ್ತೀವಿ.”

ಅಷ್ಟು ಹೇಳಿ, ಹಾಳೆಯನ್ನು ಅವಳ ಕೈಗೆ ಕೊಟ್ಟಿದ್ದರು. ಹುಡುಗಿಗೆ ಒಂದು ಸ್ವೆಟರ್ ಕೊಟ್ಟು ಬರಲೇ ಎಂದು ಅಂಗಲಾಚಿದ್ದರು. ಬ್ಲಾಂಕಾಳೇ ಜೈಲಿಗೆ ಫೋನ್ ಮಾಡಿ ಭೇಟಿಗೆ ಅನುಮತಿ ಕೊಡಿಸಿದ್ದಳು. ಈ ಕಟ್ಟಡದಲ್ಲಿ ಆ ಹುಡುಗಿಗಾಗಿ ಮರುಗಿದ ಒಂದೇ ಒಂದು ಜೀವ ಅದು ಎಂದು ಅವಳಿಗೆ ಅನಿಸಿತ್ತು.

ಈಗ ಮೇಲಿನ ಹಾಳೆಯ ಎಡ ಮೂಲೆಯಲ್ಲಿ ಪುಟ್ಟದೊಂದು ಉಬ್ಬು ಸ್ಪಷ್ಟವಾಗಿ ಎದ್ದು ನಿಂತಿತ್ತು. ಕೆಳಗಿನ ಹಾಳೆಯಲ್ಲಿ ಅದೇ ಜಾಗ ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ನುಣ್ಣಗಿತ್ತು.

“ಒಲೆಸ್ಯಾ ಜೈಲಲ್ಲಿ ನನ್ನ ಮುಂದೆ ಅತ್ತಳು,” ಎಂದಳು ಬ್ಲಾಂಕಾ. “ತನ್ನನ್ನ ಬಿಡಿಸಿ ಅಂತ ಅಳಲಿಲ್ಲ ಕಣ್ರೀ. ‘ಆ ಉಬ್ಬು ನಿಜ ಮೇಡಂ, ಅದು ನೀರಲ್ಲ, ಹರಳಿಂದೇ’ ಅಂತ ಅತ್ತಳು. ನನಗೆ ಏನೂ ಅರ್ಥ ಆಗ್ಲಿಲ್ಲ. ಹುಚ್ಚು ಹಿಡೀತೇನೋ ಅಂದ್ಕೊಂಡೆ. ಆಮೇಲೆ ಕೂತು ಯೋಚಿಸ್ದೆ. ಅವಳೇ ಬೆಳೆಸಿದ ಹೊಸ ಹರಳು. ಅದುವರೆಗೂ ಅದನ್ನ ಯಾರೂ ಅಳೆದಿರ್ಲಿಲ್ಲ, ಅಲ್ವಾ?”

“ಇಲ್ಲ.”

“ಕರೆಂಟು ಹೋದ್ರೂ ನೆನಪು ಬಿಡದ ಹರಳು. ಕಂಪ್ಯೂಟರಿನೋರು ಬಾಯಿ ಬಿಟ್ಕೊಂಡು ಕಾಯ್ತಿರೋ ಹರಳು. ಅದರಲ್ಲಿ ಒಂದು ಹೊಸ ಕಂಪನ ಸಿಕ್ತು ಅವಳಿಗೆ. ಪ್ರೊಫೆಸರ್ ಹೋಮೊಲಾ ಅದು ನೀರಿನ ಮುಳ್ಳು, ಕಸ, ಅಂದ್ರು. ಅವಳು ಅಲ್ಲ ಅಂದ್ಲು. ಇಡೀ ಕಾರಿಡಾರಿಗೇ ಕೇಳೋ ಹಾಗೆ ಜಗಳ ಆಯ್ತು. ಆ ಜಗಳವನ್ನೇ ಹಿಡ್ಕೊಂಡು ನಮ್ಮ ಕರ್ನಲ್ ಕೊಲೆಗೆ ಕಾರಣ ಅಂತ ಬರೆದ. ಈಗ ನೀವು ಹೇಳಿ ಡಾಕ್ಟ್ರೇ. ನಿಮ್ಮ ಹೇಳಿಕೇಲಿ ಏನಂದಿದೀರಿ?”

ಪೆಶೆಕ್ ಹಾಳೆಗಳನ್ನು ಕೆಳಗಿಳಿಸಿದ.

“ಬುಧವಾರ ಮಧ್ಯಾಹ್ನದ ಮೇಲೆ ಬಾಗಿಲು ತೆಗೆದು ನೋಡ್ದೆ. ನೈಟ್ರೋಜನ್ ಬುಸ್ಸಂತ ಬರ್ತಿತ್ತು. ಇಬ್ರೂ ಒಳಗಿದ್ರು. ಆಮೇಲೆ ಹುಡುಗಿ ಆಚೆ ಬಂದು ಬಾಗಿಲು ಹಾಕೊಂಡು ಹೋದ್ಳು.”

“ನೈಟ್ರೋಜನ್ ಬುಸ್ಸಂತ ಬರ್ತಿದ್ರೆ ಯಂತ್ರದೊಳಗೆ ನೀರಾವಿ ಎಲ್ಲಿಂದ ಬಂತು? ನೀರೇ ಇಲ್ದಿದ್ರೆ, ನೀರೋ ಹರಳೋ ಅಂತ ಅವರಿಬ್ರೂ ಗಂಟಲು ಹರ್ಕೊಂಡು ಜಗಳ ಆಡಿದ್ಯಾಕೆ?”

ಪೆಶೆಕ್ ಚಮಚವನ್ನು ಮೇಜಿನ ಮೇಲಿಟ್ಟ. ಬ್ಲಾಂಕಾ ಬಿಡಲಿಲ್ಲ.

“ಸಿಲಿಂಡರ್ ಆಗಲೇ ಖಾಲಿಯಾಗಿತ್ತು, ನೈಟ್ರೋಜನ್ ಇಲ್ದೇ ಅಳೆದೆ ಅಂತ ಅವಳು ಮೊದಲ ದಿನದಿಂದ ಬಡ್ಕೊಳ್ತಿದಾಳೆ. ಯಾರೂ ನಂಬಲಿಲ್ಲ. ಮಾರನೇ ದಿನ ಸಿಕ್ಕ ಸಿಲಿಂಡರೂ ಖಾಲಿ. ರಾತ್ರಿಯೆಲ್ಲ ಸೋರಿ ಖಾಲಿಯಾಗಿದೆ ಅಂತ ನಾವು ಅಂದ್ಕೊಂಡ್ವಿ. ಅದರ ಮೇಲೆ ಈ ಫೈಲು ಬೇರೆ. ಒಂದು ಮುಳ್ಳಿಲ್ಲ, ಹಾಲಿನಷ್ಟು ಶುದ್ಧ. ಅವಳು ಸುಳ್ಳಿ ಅನ್ನೋಕೆ ಇಷ್ಟು ಸಾಕಾಯ್ತು. ಆದ್ರೆ ನಿಜವಾಗ್ಲೂ ನೈಟ್ರೋಜನ್ ಬಿಟ್ಟು ಅಳೆದಿದ್ರೆ, ಮುಳ್ಳು ಇರ್ತಿರ್ಲಿಲ್ಲ, ಉಬ್ಬು ಇರ್ತಿತ್ತು. ಇವತ್ತಿನ ಹಾಳೇಲಿ ಇರೋ ಹಾಗೆ. ಇಲ್ಲಿ ಉಬ್ಬೂ ಇಲ್ಲ. ಯಾರೋ ಕೂತು ಮುಳ್ಳು ಕೀಳ್ತಾ ಕೀಳ್ತಾ, ಇದೂ ಮುಳ್ಳೇ ಅಂದ್ಕೊಂಡು ಹರಳಿನ ಉಬ್ಬನ್ನೂ ಕಿತ್ತಿದಾರೆ. ಅದು ಪೊಲೀಸ್ನೋರಿಗೆ ಬರೋ ಕೆಲಸ ಅಲ್ಲ. ನಿಮಗೆ ಬರುತ್ತೆ.”

ಪೆಶೆಕ್ ಕುರ್ಚಿಯಲ್ಲಿ ಕುಸಿದು ಕುಳಿತ. ಆಮೇಲೆ, ಏನು ಹೇಳೋಣ, ನಕ್ಕುಬಿಟ್ಟ. ನಿಜಕ್ಕೂ ನಕ್ಕ.

“ಅಯ್ಯೋ, ಇಷ್ಟಕ್ಕೇನಾ? ಹೂಂ, ನಾನೇ ಶುಚಿ ಮಾಡ್ದೆ. ಎಲ್ಲರೂ ಮಾಡ್ತಾರೆ ಮೇಡಂ. ನೀರಿನ ಗೆರೆಗಳನ್ನ ಕ್ಷೌರ ಮಾಡೋದು ನಮ್ಮಲ್ಲಿ ಮಾಮೂಲು. ಗಲೀಜು ಸ್ಪೆಕ್ಟ್ರಂ ಕಂಡ್ರೆ ನನಗೆ ಕೈ ಸುಮ್ನೆ ಇರಲ್ಲ. ಕಾಲರ್ ಕೊಳೆ ಆಗಿದ್ರೆ ನೀವು ಒಗೆಯಲ್ವಾ, ಹಾಗೆ. ಜಪಾನಿನ ಸಮ್ಮೇಳನಕ್ಕೆ ಕಳಿಸ್ಬೇಕಿತ್ತು, ಕಳಿಸ್ದೆ.”

“ಯಾರ ಹೆಸರಲ್ಲಿ?”

ಅವನ ನಗು ಸ್ವಲ್ಪ ಬಾಡಿತು. “ನನ್ನದು. ಪ್ರೊಫೆಸರ್ ಹೋಮೊಲಾ ಅವರದ್ದು, ಗೌರವಕ್ಕೆ.”

“ಹುಡುಗೀದು?”

“ಕೊಲೆ ಆರೋಪಿ ಹೆಸರು ಹಾಕೋಕಾಗುತ್ತಾ? ನೀವೇ ಹೇಳಿ.”

ಎದುರಿಗಿದ್ದ ಲೋಟ ಎತ್ತಿ ಅವನ ಮುಖಕ್ಕೆ ಎರಚಬೇಕೆಂದು ಬ್ಲಾಂಕಾಳ ಕೈ ತುರಿಸಿತು. ಇಂಥ ನಯವಾದ ಮುಖಗಳನ್ನು ಕಂಡರೆ ಅವಳಿಗೆ ಮೊದಲಿಂದಲೂ ಆಗುತ್ತಿರಲಿಲ್ಲ. ಕಳ್ಳ ಕಳ್ಳನ ಹಾಗಿದ್ದರೆ ಹಿಡಿಯುವವರಿಗೂ ಒಂದು ಮರ್ಯಾದೆ. ಇವನೋ, ಒಂದು ಹುಡುಗಿಯ ಬಾಳನ್ನು ಕಾಲರ್ ಒಗೆದ ಹಾಗೆ ಒಗೆದು ನೇತುಹಾಕಿ, ಕಾಫಿ ಕುಡಿಯುತ್ತ ಕುಳಿತಿದ್ದಾನೆ.

“ಮುಳ್ಳು ಕಿತ್ತವರು ನೀವು. ಅಂದ್ರೆ ಮುಳ್ಳು ಇತ್ತು ಅಂತ ನಿಮಗೆ ಗೊತ್ತು. ಅಂದ್ರೆ ಅವಳು ಅಳೀವಾಗ ನೈಟ್ರೋಜನ್ ಇರಲಿಲ್ಲ ಅಂತಾನೂ ಗೊತ್ತು. ಗೊತ್ತಿದ್ದೂ ‘ಬುಸ್ಸಂತ ಬರ್ತಿತ್ತು’ ಅಂತ ಸಹಿ ಹಾಕಿದ್ರಿ. ನಾಚಿಕೆ ಆಗಲ್ವೇನ್ರೀ ನಿಮಗೆ? ನೀವು ಕೊಲೆಗಾರ ಇಲ್ಲಾ ಹೇಡಿ. ಎರಡರಲ್ಲಿ ಯಾವ್ದು ಅಂತ ಬೇಗ ಹೇಳಿ, ನನಗೆ ಹೊತ್ತಿಲ್ಲ.”

“ಬಾಯಿಗೆ ಬಂದ ಹಾಗೆ ಮಾತಾಡ್ಬೇಡಿ! ನಾನು ಬಾಗಿಲು ತೆಗೆದು ನೋಡಿದ್ದು ನಿಜ.”

“ನೋಡಿದ್ರಾ?”

“ನೋಡ್ದೆ.”

ಬ್ಲಾಂಕಾ ಸುಮ್ಮನೆ ಕೋಣೆಯ ಸುತ್ತ ಕಣ್ಣು ಹಾಯಿಸಿದಳು. ಕೋಪ ಬಂದಾಗ ಅವಳ ಮೂಗು ಚುರುಕಾಗುತ್ತದೆ ಎಂದು ಠಾಣೆಯವರು ತಮಾಷೆ ಮಾಡುವುದುಂಟು. ಒಳಗೆ ಬಂದಾಗಿನಿಂದ ಒಂದು ವಾಸನೆ ಅವಳನ್ನು ಕಾಡುತ್ತಿತ್ತು. ಒದ್ದೆ ತೊಗಟೆ, ಮಣ್ಣು, ಸ್ವಲ್ಪ ಸಿಹಿ. ಅದು ಕಿಟಕಿಯ ಕೆಳಗಿದ್ದ ಕೋಣೆ ಬೆಚ್ಚಗಿಡುವ ಬಿಸಿನೀರಿನ ಪೆಟ್ಟಿಗೆಯ ಮೇಲಿಂದ ಬರುತ್ತಿತ್ತು. ಅಲ್ಲಿ ಹಳೆಯ ಪ್ರಬಂಧಗಳ ಹಾಳೆ ಹಾಸಿ, ತೆಳ್ಳಗೆ ಹೆಚ್ಚಿದ ಕಾಡಿನ ಅಣಬೆ ಒಣಗಹಾಕಿತ್ತು.

ಅವಳು ಒಂದು ಚೂರು ಎತ್ತಿ ಬೆಳಕಿಗೆ ಹಿಡಿದಳು. ಬಿಳಿಯ ಹೋಳು, ಕಂದು ಅಂಚು, ಒಂದೇ ಒಂದು ಹುಳದ ತೂತಿಲ್ಲ.

“ಒಳ್ಳೇ ಅಣಬೆ ಡಾಕ್ಟ್ರೇ.”

ಆ ನಾಡಿನಲ್ಲಿ ಅಣಬೆಯ ಮಾತೆತ್ತಿದರೆ ನೇಣಿಗೆ ಹೊರಟವನೂ ನಿಂತು ಎರಡು ಮಾತಾಡಿ ಹೋಗುತ್ತಾನೆ. ಪೆಶೆಕ್‌ನ ಮುಖ ತಂತಾನೇ ಅರಳಿತು.

“ಅಲ್ವಾ? ಎರಡು ಬುಟ್ಟಿ ಸಿಕ್ತು. ಎಲ್ಲಿ ಅಂತ ಮಾತ್ರ ಕೇಳ್ಬೇಡಿ, ಆ ಜಾಗ ನನ್ನ ಹೆಂಡ್ತಿಗೂ ಹೇಳಿಲ್ಲ.”

“ಎಲ್ಲಿ ಅಂತ ಕೇಳಲ್ಲ. ಯಾವತ್ತು?”

“ಶನಿವಾರ.”

“ಶನಿವಾರ ನಾನೂ ಹೋಗಿದ್ದೆ. ನಮ್ಮಮ್ಮನೂ ಹೋಗಿದ್ಲು. ಅರ್ಧ ಪ್ರಾಗ್ ಹೋಗಿತ್ತು. ಎಲ್ಲರೂ ಖಾಲಿ ಬುಟ್ಟಿ ಹಿಡ್ಕೊಂಡು, ಒಬ್ಬರ ಮುಖ ಒಬ್ಬರು ನೋಡ್ದೆ ರೈಲಲ್ಲಿ ವಾಪಸ್ ಬಂದ್ವಿ. ಈ ವರ್ಷ ಅಣಬೆ ಎದ್ದಿದ್ದೇ ಬುಧವಾರ. ಗುರುವಾರ ರಾತ್ರಿ ಇಬ್ಬನಿ ಹೆಪ್ಪುಗಟ್ಟಿ ಎಲ್ಲಾ ಕೊಳೆತು ಹೋಯ್ತು. ಗುರುವಾರ ಬೆಳಗಿಂದ ಕತ್ತಲಾಗೋವರೆಗೂ ನೀವು ಇಲ್ಲಿ ನಮ್ಮ ಜೊತೇನೇ ಇದ್ರಿ. ಹಾಗಾದ್ರೆ ಉಳಿದಿದ್ದು ಯಾವತ್ತು?”

ಪೆಶೆಕ್‌ನ ಕಿವಿಯ ತುದಿಗಳು ಕೆಂಪಾದವು.

“ಹೇಳ್ರೀ! ಬುಧವಾರ ಮಧ್ಯಾಹ್ನ ಆ ಬಾಗಿಲ ಮುಂದೆ ನಿಂತಿದ್ರಾ, ಇಲ್ಲಾ ಕಾಡಲ್ಲಿ ಬಗ್ಗಿಕೊಂಡು ಅಣಬೆ ಕೀಳ್ತಿದ್ರಾ?”

“ಕಾಡಲ್ಲಿ,” ಎಂದ ಪೆಶೆಕ್. ದನಿ ಬಾವಿಯೊಳಗಿಂದ ಬಂದ ಹಾಗಿತ್ತು. “ರಜಾ ಹಾಕಿರ್ಲಿಲ್ಲ. ಈ ತಿಂಗಳು ನನ್ನನ್ನ ಪ್ರೊಫೆಸರ್ ಮಾಡೋ ಸಭೆ ಇದೆ. ಕೆಲಸದ ದಿನ ಅಣಬೆಗೆ ಹೋಗಿದ್ದೆ ಅಂತ ಗೊತ್ತಾದ್ರೆ...”

“ಅಣಬೆ!” ಬ್ಲಾಂಕಾ ಕಿರುಚಿದಳು. ಕಾರಿಡಾರಿನಲ್ಲಿ ಯಾವುದೋ ಬಾಗಿಲು ತೆರೆದು ಮತ್ತೆ ಮುಚ್ಚಿಕೊಂಡಿತು. “ಎರಡು ಬುಟ್ಟಿ ಅಣಬೆ ಮುಚ್ಚಿಡೋಕೆ ಒಂದು ಹುಡುಗೀನ ಜೈಲಿಗೆ ಕಳಿಸಿದ್ರಾ? ಥೂ! ನಿಮ್ಮ ಓದಿಗಷ್ಟು ಬೆಂಕಿ ಹಾಕ! ಅವಳಿಗೆ ತಾಯಿ ಇದಾಳ್ರೀ. ದಿನಾ ಠಾಣೆಗೆ ಫೋನ್ ಮಾಡ್ತಾಳೆ. ಅವಳ ಭಾಷೆ ನಮ್ಮೋರಿಗೆ ಅರ್ಥ ಆಗಲ್ಲ, ಅಂತ ಫೋನ್ ಇಟ್ಟುಬಿಡ್ತಾರೆ. ಅವಳು ಮತ್ತೆ ಮಾಡ್ತಾಳೆ!”

ಪೆಶೆಕ್ ತಲೆ ತಗ್ಗಿಸಿದ. ಕ್ಷಮೆ ಕೇಳುತ್ತಾನೇನೋ ಎಂದು ಅವಳು ಕಾದಳು. ಅವನು ಕೇಳಲಿಲ್ಲ.

“ನಾನು ನೋಡದ್ದನ್ನ ನೋಡಿದೆ ಅಂದೆ, ಒಪ್ತೀನಿ. ಆದ್ರೆ ಅದು ಸುಳ್ಳು ಅಂತ ನನಗನಿಸ್ಲಿಲ್ಲ. ನಲ್ಲಿ ಪೂರ್ತಿ ತೆಗೆದಿತ್ತು, ಹುಡುಗಿ ಮರೆತು ಹೋಗಿರ್ತಾಳೆ ಅಂತ ಯಾರ್ಮಿಲಾ ಅಂದ್ರು. ಹೌದಿರಬಹುದು ಅಂದ್ಕೊಂಡೆ. ಅವರು ಹೇಳಿದ ಮೇಲೆ ನಾವು ಯಾರೂ ಮತ್ತೆ ಕೇಳೋದೇ ಇಲ್ಲ. ಈ ಪ್ರಯೋಗಾಲಯ ನಡೆಯೋದೇ ಅವರಿಂದ.”

“ಸ್ಪೆಕ್ಟ್ರಂ ತುಂಬ ನೀರಿತ್ತಲ್ಲ, ಅದನ್ನ ನೋಡಿದ ಮೇಲೂ ಅನುಮಾನ ಬರಲಿಲ್ವಾ?”

“ಅಳತೆ ಆದ್ಮೇಲೆ ಹೊಸ ಸಿಲಿಂಡರ್ ಹಾಕಿರ್ತಾರೆ, ಅವಳು ನಲ್ಲಿ ತೆಗೆದು ಹೋಗಿರ್ತಾಳೆ ಅಂದ್ಕೊಂಡೆ. ಹೆಚ್ಚು ಯೋಚಿಸ್ಲಿಲ್ಲ.” ಅವನು ಗಂಟಲು ಸರಿಮಾಡಿಕೊಂಡ. “ಯೋಚಿಸೋಕೆ ಇಷ್ಟ ಆಗ್ಲಿಲ್ಲ.”

ಇಷ್ಟು ದಿನದಲ್ಲಿ ಅವನ ಬಾಯಿಂದ ಬಂದ ಮೊದಲ ನಿಜ ಅದು ಎನ್ನಿಸಿತು ಬ್ಲಾಂಕಾಳಿಗೆ. ಅವಳ ಸಿಟ್ಟು ಇಳಿಯಲಿಲ್ಲ, ಆದರೆ ತಲೆ ಓಡತೊಡಗಿತು. ಸಿಲಿಂಡರ್ ಖಾಲಿ. ಆದರೂ ಪ್ರೊಫೆಸರ್ ಸತ್ತದ್ದು ನೈಟ್ರೋಜನ್‌ನಿಂದ. ಹಾಗಾದರೆ ಒಲೆಸ್ಯಾ ಹೋದ ಮೇಲೆ ಯಾರೋ ತುಂಬಿದ ಸಿಲಿಂಡರ್ ತಂದಿದ್ದಾರೆ. ಬೆಳಗಾಗುವುದರೊಳಗೆ ಅದನ್ನು ಒಯ್ದು ಖಾಲಿಯದನ್ನೇ ಮತ್ತೆ ಅದರ ಜಾಗದಲ್ಲಿ ನಿಲ್ಲಿಸಿದ್ದಾರೆ.

“ಒಂದು ಮಾತು ಹೇಳಿ,” ಎಂದಳು. ಈಗ ದನಿ ತಗ್ಗಿತ್ತು. “ಕಂಪ್ಯೂಟರ್ ಇರೋದು ಅಳತೆ ಕೋಣೆ ಒಳಗೆ. ಆ ಫೈಲು ನಿಮ್ಮ ಕೈಗೆ ಹೇಗೆ ಬಂತು?”

“ಫ್ಲಾಪೀಲಿ. ಯಾರ್ಮಿಲಾ ತಂದುಕೊಟ್ರು.”

“ಯಾವಾಗ?”

“ಗುರುವಾರ ಬೆಳಿಗ್ಗೆ. ನಾನಿನ್ನೂ ಚಪ್ಪಲಿ ಹಾಕ್ಕೊಳ್ತಿದ್ದೆ. ‘ನೈಟ್ರೋಜನ್ ಮುಗಿದಿತ್ತಂತೆ ಡಾಕ್ಟ್ರೇ, ತುಂಬ ನೀರಿದೆ, ಸ್ವಲ್ಪ ಶುಚಿ ಮಾಡ್ಕೊಡಿ, ಜಪಾನಿಗೆ ಇವತ್ತೇ ಹೋಗ್ಬೇಕಲ್ಲ’ ಅಂದ್ರು. ನಾನು ಕಾಫಿ ಕುಡೀತಾ ಮಾಡಿ ಮುಗಿಸ್ದೆ. ಜಪಾನಿಗೊಂದು ಪ್ರತಿ ಇಟ್ಕೊಂಡು ಫ್ಲಾಪಿ ವಾಪಸ್ ಕೊಟ್ಟೆ. ಅವರು ತಗೊಂಡು ಹೋದ್ರು. ಸ್ವಲ್ಪ ಹೊತ್ತಿಗೆ...”

ಅವನು ಮಾತು ನಿಲ್ಲಿಸಿದ.

“ಸ್ವಲ್ಪ ಹೊತ್ತಿಗೆ?”

“ಸ್ವಲ್ಪ ಹೊತ್ತಿಗೆ ಯಾರ್ಮಿಲಾ ಕಿರುಚಿದ್ದು ಕೇಳಿಸ್ತು. ಪ್ರೊಫೆಸರ್ ಬಿದ್ದಿದಾರೆ ಅಂತ.”

ಹೊರಗೆ ಟ್ರಾಮ್ ಗಂಟೆ ಬಾರಿಸಿಕೊಂಡು ತಿರುವಿನಲ್ಲಿ ಹೋಯಿತು.

ಬುಧವಾರ ಮಧ್ಯಾಹ್ನವೇ ಮನೆಗೆ ಹೋದೆ, ಗುರುವಾರ ಬೆಳಿಗ್ಗೆ ಆ ಬಾಗಿಲನ್ನು ಮೊದಲ ಸಲ ತೆಗೆದಾಗಲೇ ಹೆಣ ಕಂಡೆ ಎಂದು ಯಾರ್ಮಿಲಾ ಹೇಳಿಕೆ ಕೊಟ್ಟಿದ್ದರು. ಬಾಗಿಲು ತೆಗೆಯದೆ ಫೈಲು ಆಚೆ ಬರಲು ಸಾಧ್ಯವಿಲ್ಲ. ಆಚೆ ಬಂದದ್ದು ಶುಚಿಯಾಗಿ ಮತ್ತೆ ಒಳಗೆ ಹೋಗಿದೆ. ಪ್ರೊಫೆಸರ್ ನೆಲದ ಮೇಲೆ ಬಿದ್ದಿರುವಾಗ, ಆ ಹೆಂಗಸು ಅವರನ್ನು ದಾಟಿಕೊಂಡು ಹೋಗಿ, ಕುರ್ಚಿಯಲ್ಲಿ ಕುಳಿತು, ಫೈಲನ್ನು ಅದರ ಜಾಗಕ್ಕೆ ಹಾಕಿದ್ದಾರೆ. ಆಮೇಲೆ ಎದ್ದು ಕಿರುಚಿದ್ದಾರೆ.

“ಸಿಲಿಂಡರ್ ಕೋಣೆ ಕೀಲಿ ಯಾರ ಹತ್ರ ಇರುತ್ತೆ?” ಕೇಳುವಾಗಲೇ ಉತ್ತರ ಅವಳಿಗೆ ಗೊತ್ತಿತ್ತು.

“ಅವರ ಹತ್ರಾನೇ,” ಎಂದ ಪೆಶೆಕ್. “ಇನ್ಯಾರ ಹತ್ರ ಇರುತ್ತೆ? ಆದ್ರೆ ಯಾಕೆ ಮೇಡಂ? ಯಾರ್ಮಿಲಾ ಯಾಕೆ...? ಪ್ರೊಫೆಸರ್‌ಗೆ ದಿನಾ ಸೂಪ್ ಬಿಸಿ ಮಾಡ್ಕೊಡ್ತಿದ್ರು ಅವರು.”

“ನನಗೂ ಬೆಳಿಗ್ಗೆ ಕಾಫಿ ಮಾಡ್ಕೊಟ್ರು,” ಎಂದಳು ಬ್ಲಾಂಕಾ.

ಹಾಗೆ ಹೇಳುತ್ತಿರುವಾಗಲೇ ಅವಳಿಗೆ ನೆನಪಾಯಿತು. ಯಾರ್ಮಿಲಾ ಈಗ ಎಲ್ಲಿದ್ದಾರೆ?

ಜೈಲಿಗೆ ಅವಳೇ ಕಳಿಸಿದ್ದಳು. ಅವಳೇ ಫೋನ್ ಮಾಡಿ, ‘ಒಳ್ಳೇ ಹೆಂಗಸು, ಕೊಂಚ ಹೊತ್ತು ಹುಡುಗಿಯ ಪಕ್ಕದಲ್ಲಿ ಕೂರಲಿ ಬಿಡಿ’ ಎಂದು ಶಿಫಾರಸು ಮಾಡಿದ್ದಳು.

ಪೆಶೆಕ್‌ನ ಮೇಜಿನ ಮೇಲಿದ್ದ ಫೋನನ್ನು ಸೆಳೆದುಕೊಂಡಳು. ಅವಸರದಲ್ಲಿ ಅಂಕಿ ತಪ್ಪಿತು. ಬೈದುಕೊಂಡು ಮತ್ತೆ ತಿರುಗಿಸಿದಳು. ಗಂಟೆ ಬಡಿದೇ ಬಡಿಯಿತು.

“ವಿಚಾರಣಾ ಜೈಲು, ಸಾರ್ಜೆಂಟ್ ಮಾತಾಡ್ತಿರೋದು.”

“ನಾನು ಕ್ಯಾಪ್ಟನ್ ಹೊಲೂಬೋವಾ. ಹ್ರಿಂಕೊ ಹುಡುಗೀನ ನೋಡೋಕೆ ಬಂದಿದಾರಲ್ಲ ಒಬ್ಬರು ಹೆಂಗಸು, ಅವರನ್ನ ಈ ಕ್ಷಣ ಅವಳಿಂದ ದೂರ ಮಾಡಿ. ಗೇಟು ದಾಟೋಕೆ ಬಿಡ್ಬೇಡಿ.”

“ಯಾಕೆ ಮೇಡಂ?” ಸಾರ್ಜೆಂಟನ ದನಿಯಲ್ಲಿ ಸಂತೋಷ ತುಳುಕುತ್ತಿತ್ತು. “ಆಯಮ್ಮನಿಂದ್ಲೇ ಅಲ್ವಾ ನಮ್ಮ ಕೆಲಸ ಆಗಿದ್ದು! ಹುಡುಗಿ ಎಲ್ಲಾ ಒಪ್ಕೊಂಡು ಸಹಿ ಹಾಕಿದ್ಳು. ನಲ್ಲಿ ತೆಗೆದು, ಸಿಟ್ಟಲ್ಲಿ ಬಾಗಿಲು ಹಾಕ್ಕೊಂಡು ಹೋದೆ ಅಂತ ಬರೆದಿದಾಳೆ, ತನ್ನ ಕೈಯಾರೆ. ಕರ್ನಲ್ ಸಾಹೇಬ್ರಿಗೆ ಹೇಳಿದ್ದೂ ಆಯ್ತು. ಅವರು ಸರ್ಕಾರಿ ವಕೀಲರನ್ನ ಕರ್ಕೊಂಡು ಹೊರಟಿದಾರೆ.”

“ಆ ಹಾಳೆ ಹರಿದು ಹಾಕ್ರೀ!”

“ಏನಂದ್ರಿ ಮೇಡಂ?”

“ಅವಳು ಏನೂ ಮಾಡಿಲ್ಲ! ನನ್ನ ಹತ್ರ ಸಾಕ್ಷಿ ಇದೆ. ಅವಳು ಏನೂ ಮಾಡಿಲ್ಲ ಕಣ್ರೀ!”

ಆ ಕಡೆ ಸಾರ್ಜೆಂಟ್ ಗಲಿಬಿಲಿಗೊಂಡ. ಯಾರೊಂದಿಗೋ ಪಿಸುಗುಟ್ಟಿದ್ದು ಕೇಳಿಸಿತು. “ಮೇಡಂ, ಇಂಜಿನಿಯರಮ್ಮ ಇಲ್ಲೇ ನಿಂತಿದಾರೆ. ನಿಮ್ಮ ಹತ್ರ ಒಂದು ಮಾತು ಆಡ್ಬೇಕಂತೆ.”

“ಕೊಡ್ಬೇಡಿ. ಮೊದಲು ಅವರನ್ನ...”

ಅಷ್ಟರಲ್ಲಿ ಫೋನ್ ಕೈ ಬದಲಾಗಿತ್ತು.

“ಕ್ಯಾಪ್ಟನ್ ಮೇಡಂ?” ಬೆಳಿಗ್ಗೆ ಜೇನು ಕೇಕಿನ ಪದರ ವಿವರಿಸಿದ ಅದೇ ದನಿ, ಅದೇ ಅಕ್ಕರೆ. “ನಿಮಗೆ ಥ್ಯಾಂಕ್ಸ್ ಹೇಳೋಣ ಅಂತ ಅಷ್ಟೆ. ಪಾಪ, ಮಗು ತುಂಬ ಹಟ ಮಾಡಿದ್ಳು. ನಾನು ಎಷ್ಟು ಹೇಳಿದ್ರೂ ಕೇಳ್ಲಿಲ್ಲ. ‘ಕ್ಯಾಪ್ಟನ್ ಮೇಡಂ ಒಬ್ರೇ ನನ್ನ ನಂಬಿರೋದು, ಅವರು ಹೇಳಿದ್ರೆ ಮಾತ್ರ’ ಅಂತ ಒಂದೇ ಮಾತು.”

ಬ್ಲಾಂಕಾ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದಳು.

“ಅದಕ್ಕೇ, ನನ್ನನ್ನ ಕಳಿಸಿರೋದೇ ನೀವು, ಸಹಿ ಹಾಕು ಅಂತ ನೀವೇ ಹೇಳಿ ಕಳಿಸಿದೀರಿ ಅಂದೆ. ಸಾರ್ಜೆಂಟೂ ಹೌದು, ಮೇಡಮ್ಮೇ ಫೋನ್ ಮಾಡಿದ್ರು ಅಂದ್ರು,” ಎಂದರು ಯಾರ್ಮಿಲಾ. “ಆಮೇಲೆ ಒಂದು ಮಾತೂ ಆಡ್ಲಿಲ್ಲ ಕಣಮ್ಮ. ಪೆನ್ನು ಕೇಳಿದ್ಳು.”